ಬಿಪಿ ಇರುವ ಗರ್ಭಿಣಿಗೆ ‘ರಕ್ತ ಚೆನ್ನಾಗಿದೆ’ ಎಂದರೆ ಸಾಲದು. ಕಬ್ಬಿಣಾಂಶದ ಲೆಕ್ಕ ಹೀಗಿದೆ

ಮಂಡ್ಯ: “ರಕ್ತ ಹದಿಮೂರು ಐತಂತೆ, ಇನ್ಯಾಕವ್ವ ಕೆಂಪು ಮಾತ್ರೆ?” ತಾಯಿ ಕಾರ್ಡ್ ನೋಡಿ ಮನೆಯಲ್ಲಿ ಹಿರಿಯರು ಹೀಗೆ ಕೇಳುವುದುಂಟು. ಆದರೆ ಅದೇ ಕಾರ್ಡ್‌ನಲ್ಲಿ ಬಿಪಿ 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಆ ಹದಿಮೂರನ್ನು ನಂಬಿ ನಿಶ್ಚಿಂತೆಯಿಂದ ಕೂರುವಂತಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಬಸಿರಿನಲ್ಲಿ ‘ರಕ್ತ ಕಮ್ಮಿ’ ಎಂಬ ಮಾತು ಹೊಸದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇದೆ. ಇದರ ಜತೆ ಬಿಪಿ ಸೇರಿದಾಗ ಲೆಕ್ಕವೇ ಬದಲಾಗುತ್ತದೆ.

ಹಿಮೋಗ್ಲೋಬಿನ್ ದಾರಿ ತಪ್ಪಿಸುವುದೇಕೆ?

ಸಾಮಾನ್ಯ ಬಸಿರಿನಲ್ಲಿ ರಕ್ತದ ನೀರಿನಂಶ, ಕೆಂಪು ಕಣಗಳಿಗಿಂತ ಹೆಚ್ಚು ಪ್ರಮಾಣದಲ್ಲಿ ಬೆಳೆಯುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಸಹಜ. ಇತರ ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎಂದರೆ, ಗರ್ಭಿಣಿಗೆ ಆ ಗೆರೆ 11.

ಐದು ತಿಂಗಳ ನಂತರ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಸ್ಥಿತಿಯೇ ಪ್ರೀ-ಎಕ್ಲಾಂಪ್ಸಿಯಾ. ಇದರಲ್ಲಿ ರಕ್ತನಾಳಗಳು ಬಿಗಿಯುತ್ತವೆ, ನೀರಿನಂಶ ನಾಳದಿಂದ ಆಚೆ ಸೋರಿ ಊತ ಬರುತ್ತದೆ, ಒಳಗಿನ ರಕ್ತ ಗಟ್ಟಿಯಾಗುತ್ತದೆ. ಸಾರಿನಲ್ಲಿ ನೀರು ಇಂಗಿದರೆ ಬೇಳೆ ಜಾಸ್ತಿ ಇದ್ದಂತೆ ಕಾಣುತ್ತದಲ್ಲ, ಹಾಗೆ. ಹಿಮೋಗ್ಲೋಬಿನ್ ಅಂಕಿ ಏರಿದರೂ ದೇಹದಲ್ಲಿ ರಕ್ತ ಹೆಚ್ಚಿರುವುದಿಲ್ಲ. ಇಂಥ ತಾಯಿಗೆ ಹೆರಿಗೆಯಲ್ಲಿ ರಕ್ತಸ್ರಾವವಾದರೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಅಪಾಯ ಇರುವುದು ಇಲ್ಲೇ.

ಫೆರಿಟಿನ್ ಪರೀಕ್ಷೆಯೂ ಪೂರ್ತಿ ಹೇಳದು

ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವುದು ಫೆರಿಟಿನ್. ಆದರೆ ದೇಹದಲ್ಲಿ ಉರಿಯೂತ ಇದ್ದರೂ, ಯಕೃತ್ತಿಗೆ ಪೆಟ್ಟು ಬಿದ್ದರೂ ಅದು ಏರುತ್ತದೆ. ಪ್ರೀ-ಎಕ್ಲಾಂಪ್ಸಿಯಾ ತೀವ್ರವಾದಾಗ ಕೆಂಪು ಕಣಗಳು ಒಡೆದು, ಅವುಗಳೊಳಗಿನ ಕಬ್ಬಿಣ ರಕ್ತಕ್ಕೆ ಬರುತ್ತದೆ. ಹೀಗಾಗಿ ಈ ತಾಯಂದಿರಲ್ಲಿ ಕಬ್ಬಿಣ ಮತ್ತು ಫೆರಿಟಿನ್ ಹೆಚ್ಚಾಗಿ ಕಂಡಿರುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ವರದಿಯಲ್ಲಿ ‘ನಾರ್ಮಲ್’ ಎಂದಿದ್ದರೂ ಒಳಗೆ ಕೊರತೆ ಅಡಗಿರಬಹುದು.

ಹಾಗಾದರೆ ಮಾತ್ರೆಯಿಂದಲೇ ಬಿಪಿ ಬರುತ್ತಾ? ಹಾಗಂತ ಸಾಬೀತಾಗಿಲ್ಲ. ಹೆಚ್ಚುವರಿ ಕಬ್ಬಿಣ ಕಾಯಿಲೆಯ ಕಾರಣವೋ ಪರಿಣಾಮವೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಇದೆ. ಆದ್ದರಿಂದ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದೂ ತಪ್ಪು, ‘ಶಕ್ತಿ ಬರಲಿ’ ಎಂದು ಎರಡೆರಡು ನುಂಗುವುದೂ ತಪ್ಪು.

ಏನು ಮಾಡಬೇಕು?

* ಪ್ರತಿ ತಪಾಸಣೆಯಲ್ಲಿ ಬಿಪಿ, ಮೂತ್ರದ ಪ್ರೋಟೀನ್, ಹಿಮೋಗ್ಲೋಬಿನ್ ಮೂರನ್ನೂ ಒಟ್ಟಿಗೆ ನೋಡಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ಇರುತ್ತದೆ.
* ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ (60 ಮಿ.ಗ್ರಾಂ ಕಬ್ಬಿಣ), ಕನಿಷ್ಠ 180 ದಿನ. ಹೆರಿಗೆ ನಂತರವೂ 180 ದಿನ.
* ಕ್ಯಾಲ್ಸಿಯಂ ಮಾತ್ರೆ ಬಿಪಿ ತೊಂದರೆ ತಡೆಯಲು ನೆರವಾಗುತ್ತದೆ. ಆದರೆ ಕಬ್ಬಿಣದ ಮಾತ್ರೆ ಜತೆಗೇ ನುಂಗಬೇಡಿ, ಎರಡು ಗಂಟೆ ಅಂತರವಿರಲಿ.
* ಊಟದ ಹಿಂದೆಯೇ ಕಾಫಿ, ಟೀ ಬೇಡ. ಅವು ಕಬ್ಬಿಣ ಹೀರದಂತೆ ತಡೆಯುತ್ತವೆ. ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಜತೆ ನಿಂಬೆಹುಳಿ ಹಿಂಡಿಕೊಂಡರೆ ಒಳ್ಳೆಯದು. ಬೆಲ್ಲ ತಿಂದರೆ ಸಾಕು ಎಂಬುದು ನಿಜವಲ್ಲ.

ಈ ಲಕ್ಷಣ ಕಂಡರೆ ಕಾಯಬೇಡಿ

ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮೇಲುಹೊಟ್ಟೆ ನೋವು, ಮುಖ-ಕೈ ದಿಢೀರ್ ಊದುವುದು, ಉಸಿರಾಟಕ್ಕೆ ಕಷ್ಟ, ಫಿಟ್ಸ್ ಇವು ತುರ್ತು ಸೂಚನೆ. ಬಿಪಿ 160/110 ಮುಟ್ಟಿದರೂ ಅಷ್ಟೇ. ಕೂಡಲೇ 108ಕ್ಕೆ ಕರೆ ಮಾಡಿ.

ತಾಲ್ಲೂಕು ಆಸ್ಪತ್ರೆಯಿಂದ ಮುಂದೆ ಕಳಿಸಿದರೆ ಮಂಡ್ಯದ ಮಿಮ್ಸ್ ಇದೆ. ನಾಗಮಂಗಲ ಭಾಗಕ್ಕೆ ಬಿ.ಜಿ.ನಗರದ ಆದಿಚುಂಚನಗಿರಿ ಆಸ್ಪತ್ರೆ, ಶ್ರೀರಂಗಪಟ್ಟಣ ಮತ್ತು ಪಾಂಡವಪುರದವರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಹತ್ತಿರ. ಕೆ.ಆರ್.ಪೇಟೆ ಕಡೆಯವರಿಗೆ ಮಂಡ್ಯವಾಗಲಿ ಮೈಸೂರಾಗಲಿ ದೂರವೇ. ಹಾಗಾಗಿ ಬಿಪಿ ಇದೆ ಎಂದು ಗೊತ್ತಾದ ದಿನವೇ ಹೆರಿಗೆ ಎಲ್ಲಿ, ವಾಹನ ಯಾವುದು, ರಕ್ತ ಕೊಡುವವರು ಯಾರು ಎಂಬುದನ್ನು ಆಶಾ ಕಾರ್ಯಕರ್ತೆ ಜತೆ ಕೂತು ಮಾತಾಡಿಕೊಂಡಿರಬೇಕು. ಎಲ್ಲಿಗೇ ಹೋದರೂ ತಾಯಿ ಕಾರ್ಡ್ ಜತೆಯಲ್ಲಿರಲಿ.