ಗೋಡೆಯ ಹಂಗಿಲ್ಲದ ಮರದ ಸ್ಟ್ಯಾಂಡು

ನಮ್ಮ ಲಕ್ಕವಳ್ಳಿಯಲ್ಲಿ ಮಳೆ ಹಿಡಿದರೆ ಗೋಡೆಗಳೂ ಬೆವರುತ್ತವೆ. ಒಂದು ಕಡೆ ಭದ್ರಾ ಅಣೆಕಟ್ಟೆ, ಇನ್ನೊಂದು ಕಡೆ ಕಾಡು, ಥಂಡಿಗೆ ಕೇಳಬೇಕೇ? ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದ ಹಲಗೆ ಒಂದು ಆಷಾಢದ ರಾತ್ರಿ ಗಾರೆಯ ಸಮೇತ ಕಿತ್ತು ಬಂತು. ಅಪ್ಪೆಮಿಡಿಯ ಎರಡು ಜಾಡಿ ಚೂರುಚೂರು! "ಇನ್ನು ಗೋಡೆ ಸಹವಾಸ ಬೇಡ ಕಣೇ" ಅಂದರು ಅತ್ತೆ. ನೆಲದ ಮೇಲೆ ತಾನೇ ನಿಲ್ಲುವ ಸ್ಟ್ಯಾಂಡು ಮಾಡಿಸಿದ್ದು ಹೀಗೆ. ಬಾಡಿಗೆ ಮನೆಯವರಿಗೂ, ವರ್ಗವಾಗಿ ಊರೂರು ತಿರುಗುವವರಿಗೂ ಇದೇ ಅನುಕೂಲ. ಸ್ಕ್ರೂ ಬಿಚ್ಚಿ ಲಾರಿಗೆ ಹಾಕಿದರಾಯಿತು.

ಮರ ಯಾವುದು ಅಂತೀರಾ? ತೇಗದ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಲಸು ಗೆದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ. ವರ್ಷ ಕಳೆದಂತೆ ಹಳದಿ ಹೋಗಿ ಒಳ್ಳೆಯ ಕಂದು ಬಣ್ಣ ಬರುತ್ತದೆ. ಕಾಫಿ ತೋಟದ ಸಿಲ್ವರ್ ಓಕ್ ಅಗ್ಗ, ಆದರೆ ಹಸಿಯಿದ್ದರೆ ಸೊಟ್ಟಗಾಗುತ್ತದೆ. ನೆರಳಿನಲ್ಲಿ ಚೆನ್ನಾಗಿ ಒಣಗಿದ ಹಲಗೆಯನ್ನೇ ಕೇಳಿ. ಕಾಡು ಹತ್ತಿರವೆಂದು ಕದ್ದು ತಂದ ಮರಕ್ಕೆ ಮಾತ್ರ ಆಸೆಪಡಬೇಡಿ. ಭದ್ರಾ ಅಭಯಾರಣ್ಯ 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ರಸೀದಿ ಕೈಯಲ್ಲಿರಲಿ.

ಎತ್ತರ 5 ಅಡಿ, ಅಗಲ 3 ಅಡಿ, ಒಳಕ್ಕೆ 1 ಅಡಿ ಸಾಕು. ಕಾಲುಗಳು 2 ಇಂಚು ಚೌಕ, ಹಲಗೆ ಮುಕ್ಕಾಲು ಇಂಚು. ಕೆಳಗಿನ ಹಲಗೆ ನೆಲದಿಂದ 6 ಇಂಚು ಮೇಲಿದ್ದರೆ ಕಸಪೊರಕೆ ಆಡುತ್ತದೆ. ಅದರ ಮೇಲೆ ಡಬ್ಬಗಳಿಗೆ 16 ಇಂಚು ಬಿಡಿ. ಪ್ರತಿ ಹಲಗೆಯ ಅಡಿ, ಮುಂದೆಯೂ ಹಿಂದೆಯೂ, ಒಂದೂವರೆ ಇಂಚಿನ ಪಟ್ಟಿ ಬೇಕು. ಇಲ್ಲದಿದ್ದರೆ ಅಕ್ಕಿ ಡಬ್ಬದ ಭಾರಕ್ಕೆ ನಡು ಬಗ್ಗುತ್ತದೆ. ಮೊಳೆಗಿಂತ ಸ್ಕ್ರೂ ವಾಸಿ. ಮೊದಲು ಸಣ್ಣ ತೂತು ಕೊರೆಯಿಸಿ, ಹಲಗೆ ಸೀಳುವುದಿಲ್ಲ.

ಹಿಂಬದಿಗೆ ಓರೆಯಾಗಿ ಒಂದು ಪಟ್ಟಿ ಹೊಡೆಯದೆ ಬಿಟ್ಟು ನಾವು ಮೋಸಹೋದೆವು. ಸ್ಟ್ಯಾಂಡು ಅತ್ತಿತ್ತ ಓಲಾಡುತ್ತಿತ್ತು, ನೋಡಿಯೂ ಸುಮ್ಮನಿದ್ದೆ. ಮೂರು ವರ್ಷದ ಮಗ ಬೆಲ್ಲಕ್ಕಾಗಿ ಅದನ್ನೇ ಏಣಿ ಮಾಡಿಕೊಂಡು ಹತ್ತಿದ. ಮೇಲಿನ ಡಬ್ಬ ಉರುಳಿದ ಸದ್ದಿಗೆ ಓಡಿ, ವಾಲುತ್ತಿದ್ದ ಸ್ಟ್ಯಾಂಡಿಗೆ ಭುಜ ಕೊಟ್ಟೆ. ಅವತ್ತಿನ ನಡುಕ ಈಗಲೂ ನೆನಪಿದೆ. ಮರುದಿನವೇ ಆಚಾರ್ರನ್ನು ಕರೆಸಿ ಓರೆಪಟ್ಟಿ ಹೊಡೆಸಿದೆವು. ಮೇಲ್ಗಡೆ ಒಂದು ಕೊಕ್ಕೆ ಹಾಕಿ ಕಿಟಕಿಯ ಚೌಕಟ್ಟಿಗೆ ಬಿಗಿದೆವು. ಗೋಡೆಯ ಹಂಗು ಪೂರ್ತಿ ತಪ್ಪಲಿಲ್ಲ ನೋಡಿ! ಭಾರದ್ದೆಲ್ಲ ಕೆಳಗೆ, ಹಗುರದ್ದು ಮೇಲೆ. ಬೆಲ್ಲದ ಡಬ್ಬ ಮಗನ ಕೈಗೆಟುಕುವಲ್ಲಿ.

ಕಾಲುಗಳ ಅಡಿ ಚಪ್ಪಡಿಕಲ್ಲಿನ ತುಂಡಿಡಿ, ಗೋಡೆಯಿಂದ 2 ಇಂಚು ದೂರ ನಿಲ್ಲಿಸಿ. ಬೇಸಿಗೆಯಲ್ಲೊಮ್ಮೆ ಉಜ್ಜಿ ಅಗಸೆ ಎಣ್ಣೆ ಸವರಿ. ಎಣ್ಣೆಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆಯದೆ ಹರಡಿ ಒಣಗಿಸಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು.