ಗಾಜಿನ ತೊಟ್ಟಿಯೊಳಗಿನ ಗಡಿ ಜಗಳ

ಬೇಸಿಗೆ ಬಂತೆಂದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಕೆರೆಕಟ್ಟೆಗಳಲ್ಲಿ ನೀರು ಇಳಿಯತೊಡಗುತ್ತದೆ. ಆಗ ಅಂಚಿನ ಕೆಸರಿನಲ್ಲಿ ಊಟದ ತಟ್ಟೆಯನ್ನು ಒತ್ತಿ ತೆಗೆದಂತಹ ದುಂಡನೆಯ ಗುಳಿಗಳು ಕಾಣಸಿಗುವುದುಂಟು. ಇವು ಮಕ್ಕಳು ಆಟಕ್ಕೆ ತೋಡಿದ ಗುಳಿಗಳಲ್ಲ. ‘ಜಿಲೇಬಿ ಮೀನು’ ಎಂದು ಕರೆಯಲಾಗುವ ತಿಲಾಪಿಯದ ಗಂಡು ತನ್ನ ಬಾಯಿಂದಲೇ ತೋಡಿದ ಗೂಡುಗಳು. ಮರಿ ಮಾಡುವ ಕಾಲದಲ್ಲಿ ಈ ಗಂಡು ಗುಳಿಯ ಸುತ್ತ ತನ್ನದೇ ಆದ ಸರಹದ್ದು ಹಾಕಿಕೊಳ್ಳುತ್ತದೆ. ಅದರೊಳಗೆ ನುಗ್ಗುವ ಮತ್ತೊಂದು ಗಂಡನ್ನು ಅಟ್ಟಿಸಿಕೊಂಡು ಹೋಗುತ್ತದೆ. ಸೋತ ಮೀನು ಓಡಿಹೋಗುತ್ತದೆ. ಅಲ್ಲಿಗೆ ಜಗಳ ಮುಗಿಯಿತು.

ಆದರೆ ಓಡಿಹೋಗಲು ಜಾಗವೇ ಇಲ್ಲದಿದ್ದರೆ? ನೂರು ಲೀಟರ್ ನೀರಿನ ಗಾಜಿನ ತೊಟ್ಟಿಯಲ್ಲಿ ಆಗುವುದು ಇದೇ. ಚಳ್ಳಕೆರೆಯಿಂದ ಅರಬ್ಬೀ ಸಮುದ್ರಕ್ಕೆ ನೇರ ಗೆರೆ ಎಳೆದರೂ 200 ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಪೊಟ್ಟಣದಲ್ಲಿ ದೊರೆಯುವ ಸಮುದ್ರದ ಉಪ್ಪಿನ ಮಿಶ್ರಣದಿಂದಾಗಿ ಬಯಲುಸೀಮೆಯ ಮನೆ, ಶಾಲೆಗಳಲ್ಲೂ ಕಡಲ ಮೀನು ಸಾಕುವುದು ಇಂದು ಅಸಾಧ್ಯವೇನಲ್ಲ. ಮಕ್ಕಳ ಒತ್ತಾಯಕ್ಕೆ ಹೊಸದೊಂದು ಮೀನನ್ನು ತಂದು ಬಿಟ್ಟರೆ, ಎರಡು ಮೂರು ದಿನಗಳಲ್ಲಿ ಅದು ರೆಕ್ಕೆ ಹರಿದು ಸತ್ತು ತೇಲಬಹುದು. ರೋಗ ಬಂದಿತೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ಎಷ್ಟೋ ಸಲ ಕೊಂದದ್ದು ರೋಗವಲ್ಲ, ಮೊದಲೇ ಅಲ್ಲಿದ್ದ ಮೀನು.

ತನ್ನ ನೆಲದಲ್ಲಿ ತಾನೇ ರಾಜ

ಮೀನಿನ ಈ ಸ್ವಭಾವವನ್ನು ಇಬ್ಬರು ವಿಜ್ಞಾನಿಗಳು ಆಳವಾಗಿ ಅಭ್ಯಸಿಸಿದರು. ಡಚ್ ವಿಜ್ಞಾನಿ ನಿಕೊ ಟಿನ್‌ಬರ್ಗೆನ್ ಮಾಡಿದ ಪ್ರಯೋಗ ಬಹಳ ಸರಳ. ಒಂದೇ ತೊಟ್ಟಿಯ ಎರಡು ತುದಿಗಳಲ್ಲಿ ಗೂಡು ಕಟ್ಟಿದ್ದ ಎರಡು ಗಂಡು ಸ್ಟಿಕಲ್‌ಬ್ಯಾಕ್ ಮೀನುಗಳನ್ನು ಬೇರೆ ಬೇರೆ ಗಾಜಿನ ಕೊಳವೆಗಳಲ್ಲಿ ಇರಿಸಲಾಯಿತು. ಎರಡೂ ಕೊಳವೆಗಳನ್ನು ಮೊದಲನೆಯ ಮೀನಿನ ಸರಹದ್ದಿಗೆ ಒಯ್ದಾಗ ಅದು ಗಾಜಿನೊಳಗಿಂದಲೇ ಮೇಲೇರಿ ಹೋಗಲು ನೋಡಿತು. ಎರಡನೆಯದು ತಪ್ಪಿಸಿಕೊಳ್ಳಲು ಹವಣಿಸಿತು. ಅವೇ ಕೊಳವೆಗಳನ್ನು ಎರಡನೆಯ ಮೀನಿನ ಸರಹದ್ದಿಗೆ ಒಯ್ದಾಗ ಎಲ್ಲವೂ ತಿರುಗುಮುರುಗಾಯಿತು! ಮೀನುಗಳು ಅವೇ, ಬದಲಾದದ್ದು ಜಾಗ ಮಾತ್ರ. ಧೈರ್ಯ ಮೀನಿನ ಮೈಕಟ್ಟಿನಲ್ಲಿ ಮಾತ್ರವಲ್ಲ, ಅದು ನಿಂತ ನೆಲೆಯಲ್ಲೂ ಇದೆ ಎಂಬುದು ಇದರಿಂದ ತಿಳಿಯಿತು.

ಆಸ್ಟ್ರಿಯಾದ ಕೊನ್ರಾಡ್ ಲೊರೆಂಟ್ಸ್ ಹವಳದ ದಿಬ್ಬಗಳ ಬಣ್ಣದ ಮೀನುಗಳನ್ನು ಗಮನಿಸಿ, ಅವು ಬೇರೆ ಜಾತಿಯವಕ್ಕಿಂತ ತಮ್ಮ ಜಾತಿಯವನ್ನೇ ಹೆಚ್ಚು ಉಗ್ರವಾಗಿ ಕಾದಾಡುತ್ತವೆಂದು 1963ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಒಂದೇ ಜಾತಿಯ ಮೀನಿಗೆ ಬೇಕಾದ ಆಹಾರ, ಅಡಗುತಾಣ, ಜೊತೆಗಾತಿ ಎಲ್ಲವೂ ಒಂದೇ ಅಲ್ಲವೆ? ಇವರಿಬ್ಬರಿಗೂ ಕಾರ್ಲ್ ಫಾನ್ ಫ್ರಿಶ್ ಅವರೊಡನೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಅಕ್ವೇರಿಯಂಗಳಲ್ಲಿ ಜನಪ್ರಿಯವಾದ ಕ್ಲೌನ್ ಮೀನು, ಡ್ಯಾಮ್ಸೆಲ್ ಮೀನುಗಳು ಗಾತ್ರದಲ್ಲಿ ಚಿಕ್ಕವು. ಗಡಿ ಕಾಯುವುದರಲ್ಲಿ ಗಟ್ಟಿಗ ಮೀನುಗಳು. ಕ್ಲೌನ್ ಮೀನಿನ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದರ ನಂತರದ್ದು ಗಂಡು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಇಂತಹ ಕಟ್ಟುನಿಟ್ಟಿನ ಕುಟುಂಬದೊಳಗೆ ಮೂರನೆಯದೊಂದನ್ನು ತಂದು ಬಿಟ್ಟರೆ ಅದರ ಗತಿ ಏನಾದೀತೆಂದು ಊಹಿಸಬಹುದು.

ಮೊದಲು ನೀರು, ಆಮೇಲೆ ನೆರೆಹೊರೆ

ಹೊಸ ಮೀನಿನ ಮೊದಲ ಸಮಸ್ಯೆ ನೀರು. ಚಳ್ಳಕೆರೆ, ಮೊಳಕಾಲ್ಮುರು ಭಾಗದ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಅನೇಕ ಹಳ್ಳಿಗಳಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಆದ್ದರಿಂದ ಶುದ್ಧೀಕರಣ ಘಟಕದ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸಿ, ಒಂದು ದಿನ ಕಲಕಿ ಬಳಸುವುದು ಲೇಸು. ಅಡುಗೆ ಉಪ್ಪು ಇದಕ್ಕೆ ಒದಗದು.

ಚೀಲದಲ್ಲಿ ಬಂದ ಮೀನನ್ನು ಒಮ್ಮೆಲೇ ಸುರಿಯಬಾರದು. ಬಾಯಿ ಕಟ್ಟಿದ ಚೀಲವನ್ನೇ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಬಿಟ್ಟು ಉಷ್ಣತೆಯನ್ನು ಸರಿದೂಗಿಸಬೇಕು. ಇಲ್ಲೊಂದು ರಸಾಯನಶಾಸ್ತ್ರದ ಪಾಠವೂ ಇದೆ. ದೂರದ ಪ್ರಯಾಣದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಚೀಲದ ನೀರಿನ ಪಿಎಚ್ ಇಳಿದಿರುತ್ತದೆ. ಅದರಿಂದಾಗಿ ಅಲ್ಲಿರುವ ಅಮೋನಿಯಾ ಬಹುಪಾಲು ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ. ಅಮೋನಿಯಾ ಮತ್ತೆ ವಿಷವಾಗುತ್ತದೆ. ಹಾಗಾಗಿ ಬಿಚ್ಚಿದ ಚೀಲದಲ್ಲಿ ಮೀನನ್ನು ಗಂಟೆಗಟ್ಟಲೆ ಇಡುವುದು ಅಪಾಯಕರ. ಉಪ್ಪಿನಂಶ ಮೊದಲೇ ಹೊಂದಿಸಿಟ್ಟ ನೀರಿಗೆ ಬೇಗ ವರ್ಗಾಯಿಸಬೇಕು. ಚೀಲದ ನೀರನ್ನು ತೊಟ್ಟಿಗೆ ಸೇರಿಸಲೇಬಾರದು.

ಆ ಬಳಿಕ ಮೂರು ನಾಲ್ಕು ವಾರ ಬೇರೆ ಚಿಕ್ಕ ತೊಟ್ಟಿಯಲ್ಲಿ ಇರಿಸುವುದು ಉತ್ತಮ. ಬಿಳಿ ಚುಕ್ಕೆಯಂತಹ ರೋಗವಿದ್ದರೆ ಅಲ್ಲೇ ಬಯಲಾಗುತ್ತದೆ. ಸೊರಗಿ ಬಂದ ಮೀನು ತಿಂದುಂಡು ಚೇತರಿಸಿಕೊಳ್ಳುತ್ತದೆ.

ಜಗಳ ತಗ್ಗಿಸುವ ಉಪಾಯಗಳು

ಮೊದಲ ಉಪಾಯ ಟಿನ್‌ಬರ್ಗೆನ್ ಪ್ರಯೋಗದಿಂದಲೇ ಹೊಳೆಯುವಂಥದು: ಜಾಗದ ಗುರುತು ಅಳಿಸುವುದು. ಹೊಸ ಮೀನನ್ನು ಬಿಡುವ ಮುನ್ನ ತೊಟ್ಟಿಯ ಕಲ್ಲುಗಳ ಜೋಡಣೆ ಬದಲಿಸಿದರೆ ಹಳೆಯ ಗಡಿಗಳು ಅಳಿಸಿಹೋಗುತ್ತವೆ. ಹಳೆಯದಕ್ಕೂ ಹೊಸದಕ್ಕೂ ಆಗ ಮನೆ ಹೊಸತು. ಜೊತೆಗೆ ಮೀನಿಗೊಂದರಂತೆ ಸಂದು, ಗವಿಗಳಿರಬೇಕು.

ಎರಡನೆಯದು, ಪರಿಚಯದ ಅವಧಿ. ರಂಧ್ರಗಳುಳ್ಳ ಪಾರದರ್ಶಕ ಹಲಗೆಯನ್ನು ಅಡ್ಡ ನಿಲ್ಲಿಸಿ, ಕೆಲವು ದಿನ ಹಳೆಯ ಮತ್ತು ಹೊಸ ಮೀನು ಒಂದನ್ನೊಂದು ನೋಡುವಂತೆ ಮಾಡಬೇಕು. ಹಳೆಯದು ಹಲಗೆಗೆ ಹಾಯುವುದನ್ನು ನಿಲ್ಲಿಸಿದ ಮೇಲೆ ಅದನ್ನು ತೆಗೆಯಬಹುದು. ತೆಗೆಯುವ ದಿನ ಹಳೆಯ ಮೀನಿಗೆ ಹೊಟ್ಟೆ ತುಂಬ ಆಹಾರ ಹಾಕಿ, ದೀಪ ಆರಿಸುವುದು ಕ್ಷೇಮ. ಅಷ್ಟಾದರೂ ಹಟ ಬಿಡದ ಮೀನನ್ನು ಕೆಲವು ದಿನ ಬೇರೆಡೆ ಇರಿಸಿ, ಹೊಸದು ನೆಲೆಯಾದ ಮೇಲೆ ಮರಳಿ ಬಿಡಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಅನುಕ್ರಮ. ಸಾಧು ಮೀನು ಮೊದಲು, ಜಗಳಗಂಟ ಮೀನು ಕೊನೆಗೆ. ಬಣ್ಣ, ಆಕಾರಗಳಲ್ಲಿ ಹಳೆಯದನ್ನು ಹೋಲದ ಮೀನನ್ನೇ ಆರಿಸಬೇಕು.

ಮೊದಲ ಒಂದೆರಡು ದಿನ ಅಟ್ಟಿಸಿಕೊಂಡು ಹೋಗುವುದು ಸಹಜ. ಆದರೆ ಹೊಸ ಮೀನು ಮೂಲೆ ಹಿಡಿದು ಆಹಾರ ಬಿಟ್ಟರೆ, ರೆಕ್ಕೆ ಹರಿದಿದ್ದರೆ, ಕಿವಿರುಗಳು ವೇಗವಾಗಿ ಬಡಿದುಕೊಳ್ಳುತ್ತಿದ್ದರೆ ಕೂಡಲೇ ಬೇರ್ಪಡಿಸಬೇಕು. ನಾಳೆ ನೋಡೋಣವೆಂದರೆ ನಾಳೆಗೆ ಮೀನು ಉಳಿದಿರದು.

ಕೊಳ್ಳುವ ಮುನ್ನ

ಕಡಲಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದು ತಂದವು. ಒಂದು ಸತ್ತರೆ ಮತ್ತೊಂದು ತರುವುದೆಂದರೆ ಕಡಲಿನಿಂದ ಮತ್ತೊಂದನ್ನು ಕೀಳುವುದೆಂದೇ ಅರ್ಥ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಸಾಕಣೆಯಲ್ಲಿ ಹುಟ್ಟಿದ ಮರಿ ಇದೆಯೇ ಎಂದು ಅಂಗಡಿಯಲ್ಲಿ ವಿಚಾರಿಸುವುದನ್ನು ಮಕ್ಕಳಿಗೆ ಕಲಿಸಬೇಕು.

ಹೊಂದದ ಮೀನನ್ನು ಅಂಗಡಿಗೆ ಹಿಂತಿರುಗಿಸಬಹುದು. ಕೆರೆಗೆ ಮಾತ್ರ ಬಿಡಬಾರದು. ಇಂತಹ ಕಡಲ ಮೀನಿನ ಮೈಯೊಳಗೆ ಸಿಹಿನೀರಿನಲ್ಲಿ ಅಭಿಸರಣೆಯಿಂದ ನೀರು ನುಗ್ಗಿ ಅದು ಸಾಯುತ್ತದೆ. ಸಿಹಿನೀರಿನ ಅಲಂಕಾರಿಕ ಮೀನಾದರೆ ಬದುಕಿಬಿಡಬಹುದು, ಅದು ಇನ್ನೂ ಕೆಟ್ಟದ್ದು. ಆಫ್ರಿಕಾ ಮೂಲದ ತಿಲಾಪಿಯವನ್ನು 1952ರಲ್ಲಿ ಭಾರತಕ್ಕೆ ತಂದದ್ದು ಒಳ್ಳೆಯ ಉದ್ದೇಶದಿಂದಲೇ. ಇಂದು ಅದು ನಾಡಿನ ಎಷ್ಟೋ ಕೆರೆಗಳಲ್ಲಿ ತಾನೇ ಯಜಮಾನನಾಗಿ, ಊರ ಮೀನುಗಳಿಗೆ ಇಕ್ಕಟ್ಟು ತಂದಿದೆ. ಮುಂದಿನ ಬೇಸಿಗೆಯಲ್ಲಿ ಕೆರೆಯಂಚಿನ ದುಂಡು ಗುಳಿಗಳು ಕಂಡರೆ, ಮಕ್ಕಳಿಗೆ ಈ ಕಥೆಯನ್ನೂ ಹೇಳಬಹುದು.