ಫೋಟೊ ನುಂಗಿದ ತುಕ್ಕು ರೋಗ

ಸಂಜೆ ಮಬ್ಬಿನಲ್ಲಿ ಶೇಂಗಾ ಎಲೆಯ ಅಡಿಭಾಗದ ಫೋಟೊ ತೆಗೆದು ತಿಳಿದವರೊಬ್ಬರಿಗೆ ಕಳಿಸಿದೆ. ‘ರೋಗ ಏನೂ ಕಾಣ್ತಿಲ್ಲ’ ಅಂದರು. ಮರುದಿನ ಬಿಸಿಲಲ್ಲಿ ತೆಗೆದದ್ದರಲ್ಲಿ ತುಕ್ಕಿನ ಕಿತ್ತಳೆ ಚುಕ್ಕೆಗಳು ಎದ್ದು ಕಂಡವು!

ಮಗ ಬಿಡಿಸಿ ಹೇಳಿದ. ಕ್ಯಾಮೆರಾದ ಸೆನ್ಸರ್ ಎಂದರೆ ಬೆಳಕು ಅಳೆಯುವ ಲಕ್ಷಾಂತರ ಸಣ್ಣ ಕಣ್ಣುಗಳು. ಬೆಳಕು ಸಾಲದಿದ್ದರೆ ಅಳತೆ ತಪ್ಪಿ, ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಅದನ್ನು ತಿದ್ದಲು ನ್ಯೂರಲ್ ನೆಟ್‌ವರ್ಕ್ ಎಂಬ ಲೆಕ್ಕದ ಜಾಲವಿದೆ. ಒಂದೇ ನೋಟದ ಮಬ್ಬು ಚಿತ್ರ, ಸ್ವಚ್ಛ ಚಿತ್ರ ಎರಡನ್ನೂ ತೋರಿಸಿ ಅದಕ್ಕೆ ಕಲಿಸುತ್ತಾರೆ. 2018ರಲ್ಲಿ ಅಮೆರಿಕದ ಸಂಶೋಧಕರು ಇಂಥ 5094 ಮಬ್ಬು ಚಿತ್ರ ಕೂಡಿಸಿದ್ದರು. ಆದರೆ ಅದು ಮಾಡುವುದು ಊಹೆ. ಶೇಂಗಾ ತುಕ್ಕು ಕಂಡೇ ಇರದಿದ್ದರೆ ಚುಕ್ಕೆಯನ್ನೂ ರವೆಯೆಂದು ಗುಡಿಸಿಬಿಡಬಹುದು.

ಹಗಲಲ್ಲೇ, ಹತ್ತಿರದಿಂದ ತೆಗೆಯಿರಿ. ನಾನಂತೂ ಈಗ ಎಲೆಯನ್ನೇ ಒಯ್ಯುತ್ತೇನೆ.